ಅಲೆಗೊಂದು ಗೇಟು

ದೋಣಿ ಮುಂದೆ ಹೋದರೆ ಹಿಂದೆ ಅಲೆ ಏಳುತ್ತೆ, ಅದು ಎಲ್ಲರಿಗೂ ಗೊತ್ತು. ಆ ಅಲೆಯ ಮೇಲೆ ಹಲಗೆ ಇಟ್ಟುಕೊಂಡು, ಕೈಯಲ್ಲಿದ್ದ ಹಗ್ಗವನ್ನೂ ಬಿಟ್ಟು, ಕೆರೆಯ ಮಧ್ಯೆ ಮೈಲಿಗಟ್ಟಲೆ ಜಾರುತ್ತಾ ಹೋಗಬಹುದು ಅನ್ನೋದು ನನಗೆ ಮಿನೆಸೋಟಕ್ಕೆ ಬರೋವರೆಗೂ ಗೊತ್ತಿರಲಿಲ್ಲ. ಇದಕ್ಕೆ ವೇಕ್ ಸರ್ಫಿಂಗ್ ಅಂತಾರೆ. ನಮ್ಮ ಮೂಲ್ಕಿ, ಸಸಿಹಿತ್ಲು ಕಡೆ ಹುಡುಗರು ಸರ್ಫಿಂಗ್ ಮಾಡೋದು ಸಮುದ್ರ ಪುಕ್ಕಟೆಯಾಗಿ ಕೊಡೋ ಅಲೆಯ ಮೇಲೆ. ಇಲ್ಲಿ ಸಮುದ್ರ ಬಲು ದೂರ. ಕೆರೆಗಳು ಮಾತ್ರ ಹತ್ತು ಸಾವಿರಕ್ಕೂ ಹೆಚ್ಚು. ಹಾಗಾಗಿ ಅಲೆಯನ್ನೂ ತಾವೇ ತಯಾರು ಮಾಡಿಕೊಳ್ಳುತ್ತಾರೆ.

ಇದಕ್ಕೆ ಅಂತಲೇ ಬರುವ ಹೊಸ ದೋಣಿಯ ಬೆಲೆ ಲಕ್ಷ ಡಾಲರ್ ದಾಟುತ್ತೆ. ನಮ್ಮನೆಯವರು ಮತ್ತು ಆಫೀಸಿನ ಮೂವರು ಗೆಳೆಯರು ಸೇರಿ ಕೊಂಡಿದ್ದು 1998ರ ಹಳೇ ದೋಣಿ. ಒಂದೇ ಸಮಾಧಾನ, ಅದರ ಪ್ರೊಪೆಲ್ಲರ್ ದೋಣಿಯ ಹೊಟ್ಟೆಯ ಕೆಳಗಿದೆ. ಹಿಂದುಗಡೆ ಮೋಟಾರ್ ನೇತಾಡುವ ಮಾಮೂಲಿ ದೋಣಿಯ ಹಿಂದೆ ಈ ಆಟ ಆಡೋ ಹಾಗೇ ಇಲ್ಲ. ಸವಾರ ಇರೋದು ದೋಣಿಯಿಂದ ನಾಲ್ಕೈದು ಅಡಿ ದೂರದಲ್ಲಿ, ಬಿದ್ದರೆ ನೇರ ಬ್ಲೇಡಿನ ಬಾಯಿಗೆ.

ದೋಣಿ ಸಿಕ್ಕಿತು, ಅಲೆ ಸಿಗಲಿಲ್ಲ. ಯಾಕೆ ಅಂದ್ರೆ, ದೋಣಿ ನೀರನ್ನು ಸೀಳಿಕೊಂಡು ಹೋದಾಗ ಹಿಂದೆ ಒಂದು ಗುಂಡಿ ಬೀಳುತ್ತೆ. ಆ ಗುಂಡಿ ತುಂಬೋಕೆ ಎಡಗಡೆಯಿಂದಲೂ ಬಲಗಡೆಯಿಂದಲೂ ನೀರು ನುಗ್ಗುತ್ತೆ. ಎರಡೂ ಒಂದೇ ಹೊತ್ತಿಗೆ ಬಂದು ಡಿಕ್ಕಿ ಹೊಡೆದರೆ ಬರೀ ಬಿಳಿ ನೊರೆ. ಸವಾರನಿಗೆ ಬೇಕಾದದ್ದು ಒಂದು ಕಡೆ ಗಾಜಿನ ಹಾಗೆ ನುಣುಪಾದ ಇಳಿಜಾರು. ಹಳೇ ಉಪಾಯ ಅಂದರೆ ದೋಣಿಯನ್ನೇ ಒಂದು ಪಕ್ಕಕ್ಕೆ ವಾಲಿಸೋದು. ದೊಡ್ಡ ದೊಡ್ಡ ಚೀಲಗಳಿಗೆ ಕೆರೆಯ ನೀರು ತುಂಬಿ ಒಂದು ಮೂಲೆಗೆ ಹಾಕೋದು, ಸಾಲದಿದ್ದರೆ ದಪ್ಪಗಿರೋರನ್ನೆಲ್ಲ ಅದೇ ಮೂಲೆಗೆ ಕೂರಿಸೋದು. ನಮ್ಮೂರ ಕಡೆ ಟೆಂಪೋ ಕೆಸರಲ್ಲಿ ಹೂತಾಗ ಡ್ರೈವರ್ ಹೇಳ್ತಾನಲ್ಲ, ‘ಎಲ್ಲ ಈ ಕಡೆ ಬನ್ನಿ’ ಅಂತ, ಥೇಟ್ ಹಾಗೆ.

2012ರಲ್ಲಿ ಮಾಲಿಬು ಕಂಪನಿ ‘ಸರ್ಫ್ ಗೇಟ್’ ಅಂತ ಒಂದು ಉಪಾಯ ತಂದಿತು. ದೋಣಿಯ ಹಿಂತುದಿಯ ಪಕ್ಕದಲ್ಲಿ ಒಂದು ಸಣ್ಣ ಹಲಗೆ ಬಾಗಿಲಿನ ಹಾಗೆ ಹೊರಕ್ಕೆ ತೆರೆದುಕೊಳ್ಳುತ್ತೆ. ತಮಾಷೆ ಏನಂದ್ರೆ, ಅಲೆ ಎಡಗಡೆ ಬೇಕಾದರೆ ಗೇಟು ತೆರೆಯೋದು ಬಲಗಡೆ. ಬಲಗಡೆಯ ನೀರನ್ನು ಆ ಹಲಗೆ ಕ್ಷಣಕಾಲ ಹೊರಗೆ ತಳ್ಳಿ ತಡಮಾಡುತ್ತೆ. ಅಷ್ಟರಲ್ಲಿ ಎಡಗಡೆಯ ನೀರು ಅಡ್ಡಿಯಿಲ್ಲದೆ ಬಂದು ನೀಟಾಗಿ ಮೇಲೇಳುತ್ತೆ. ಇಷ್ಟೇ ವಿಷಯ. ಈ ಇಷ್ಟೇ ವಿಷಯದ ಪೇಟೆಂಟಿಗಾಗಿ ದೋಣಿ ಕಂಪನಿಗಳು ಕೋರ್ಟು ಮೆಟ್ಟಿಲೂ ಹತ್ತಿದವು.

ಹಳೇ ದೋಣಿಯವರು ಏನು ಮಾಡಬೇಕು? ಗಾಳಿ ಹಿಡಿತದ ರಬ್ಬರ್ ಕಪ್ಪುಗಳಿಂದ ದೋಣಿಯ ಮೈಗೆ ಅಂಟಿಸೋ ಗೇಟುಗಳು ಅಂಗಡಿಯಲ್ಲಿ ಸಿಗುತ್ತವೆ, ನೂರಾರು ಡಾಲರ್. ನಾಲ್ವರೂ ಅದನ್ನು ಕೊಳ್ಳೋಕೆ ಕೂತಿದ್ದಾಗ ನಾನು ಚಹಾ ತಂದಿಟ್ಟು, ‘ಇದನ್ನ ನಾನೇ ಮಾಡ್ತೀನಿ’ ಅಂದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು, ನಾಲ್ಕು ವರ್ಷ ಡಿಸೈನ್ ಕೆಲಸ ಮಾಡಿದವಳು. ಇಲ್ಲಿಗೆ ಬಂದದ್ದು ಎಚ್-4 ವೀಸಾದಲ್ಲಿ. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟೋವರೆಗೆ ಹೆಂಡತಿ ಸಂಬಳಕ್ಕೆ ದುಡಿಯೋ ಹಾಗಿಲ್ಲ. ಮೂರು ವರ್ಷದಿಂದ ನನ್ನ ಕ್ಯಾಲ್ಕುಲೇಟರ್‌ನಲ್ಲಿ ಮಾಡಿದ ದೊಡ್ಡ ಲೆಕ್ಕ ಅಂದರೆ ಡಾಲರನ್ನು ರೂಪಾಯಿಗೆ ಗುಣಿಸೋದು. ಈ ಪಾಡು ಗೊತ್ತಿರೋರು ಓದುಗರಲ್ಲಿ ಬೇಕಾದಷ್ಟು ಜನ ಇರ್ತೀರಿ, ಹೆಚ್ಚು ಹೇಳಲ್ಲ.

ಮಾರ್ಚ್ ತಿಂಗಳು, ಕೆರೆ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ಗರಾಜಿನಲ್ಲಿ ಹೀಟರ್ ಹಾಕಿಕೊಂಡು ಶುರು ಮಾಡಿದೆ. ಶ್ರೀರಂಗಪಟ್ಟಣದಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ‘ಗೇಟ್ ಮಾಡ್ತಿದೀನಮ್ಮ, ನೀರು ತಡೆಯೋಕೆ’ ಅಂದೆ. ‘ಯಾವ ಗೇಟೇ, ಕೆಆರ್‌ಎಸ್‌ದಾ?’ ಅಂದಳು. ಕಾವೇರಿ ತೀರದವರಿಗೆ ಗೇಟು ಅಂದರೆ ಅದೊಂದೇ. ಅಣೆಕಟ್ಟಿನಲ್ಲಿ ನೀರು ಒಂದು ಮಟ್ಟಕ್ಕೆ ಬಂದರೆ ತಾನಾಗೇ ತೆರೆಯೋ ಗೇಟಿಗೆ ವಿಶ್ವೇಶ್ವರಯ್ಯನವರು ಪೇಟೆಂಟ್ ಪಡೆದು 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಹಾಕಿದ್ದರಲ್ಲ, ಅದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ನೆನಪಾಯಿತು. ನನ್ನದು ಅದರ ಮುಂದೆ ಅಡುಗೆಮನೆ ಸಾಮಾನು. ನಿಜವಾಗಿಯೂ ಅಡುಗೆಮನೆ ಸಾಮಾನೇ: ತರಕಾರಿ ಹೆಚ್ಚೋ ದಪ್ಪನೆಯ ಬಿಳಿ ಪ್ಲಾಸ್ಟಿಕ್ ಮಣೆ. ಅದು ಎಚ್‌ಡಿಪಿಇ. ನೀರು ಕುಡಿಯಲ್ಲ, ಮರದ ಹಾಗೆ ಗರಗಸದಲ್ಲಿ ಕೊಯ್ಯಬಹುದು. ಒಂದೇ ತಕರಾರು, ಯಾವ ಗೋಂದೂ ಅದಕ್ಕೆ ಸರಿಯಾಗಿ ಹಿಡಿಯಲ್ಲ. ಬೋಲ್ಟೇ ಗತಿ.

ಕೊಯ್ಯೋಕೆ ಮುಂಚೆ ಲೆಕ್ಕ. ಸರ್ಫ್ ಮಾಡೋ ವೇಗ ಗಂಟೆಗೆ 18 ಕಿ.ಮೀ. ಆಸುಪಾಸು, ಅಂದರೆ ಸೆಕೆಂಡಿಗೆ 5 ಮೀಟರ್. ನೀರಲ್ಲಿ ಮುಳುಗೋ ಹಲಗೆ 40 ಸೆಂ.ಮೀ. ಎತ್ತರ, ದೋಣಿಯ ಮೈಯಿಂದ ಹೊರಗೆ 10 ಸೆಂ.ಮೀ. ಒರಟು ಲೆಕ್ಕದಲ್ಲಿ ಅದರ ಮೇಲೆ ಬೀಳೋ ಒತ್ತಡ 50 ಕೆ.ಜಿ., ಒಂದು ಮೂಟೆ ಸಿಮೆಂಟು. ಗಾಜಿನಂಗಡಿಯವರು ದೊಡ್ಡ ಗಾಜು ಎತ್ತೋಕೆ ಬಳಸೋ 20 ಸೆಂ.ಮೀ. ಅಗಲದ ರಬ್ಬರ್ ಕಪ್ಪು, ಒಳಗಿನ ಗಾಳಿ ಪೂರ್ತಿ ತೆಗೆದರೆ, 300 ಕೆ.ಜಿ.ಗೂ ಹೆಚ್ಚು ಹಿಡಿಯಬೇಕು. ಅದು ಪುಸ್ತಕದ ಮಾತು. ಗಾಳಿ ಪೂರ್ತಿ ಹೋಗಲ್ಲ, ಒದ್ದೆ ರಬ್ಬರು ಜಾರುತ್ತೆ. ನಾನು ಮೂರನೇ ಒಂದು ಪಾಲು ಮಾತ್ರ ನಂಬಿ, ಎರಡು ಕಪ್ಪು ಹಾಕಿದೆ.

ಲೆಕ್ಕದಲ್ಲಿ ಇನ್ನೊಂದು ಸಾಲಿದೆ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. 36 ಕಿ.ಮೀ. ವೇಗದಲ್ಲಿ ಅದೇ ಹಲಗೆಗೆ ನಾಲ್ಕು ಮೂಟೆ. ಸರ್ಫ್ ಮುಗಿಸಿ ಗೇಟು ತೆಗೆಯದೆ ದಡಕ್ಕೆ ಜೋರಾಗಿ ಓಡಿಸಿದರೆ ಕಪ್ಪು ಕಿತ್ತು ಹಲಗೆ ಹಾರುತ್ತೆ. ಹಾಗಾಗಿ ಹಲಗೆಗೆ ಒಂದು ಗಿಡ್ಡ ಹಗ್ಗ, ದೋಣಿಯ ಕೊಕ್ಕೆಗೆ ಗಂಟು. ಹಗ್ಗದ ಉದ್ದ ಎಷ್ಟು ಎಳೆದರೂ ಪ್ರೊಪೆಲ್ಲರ್ ತನಕ ತಲುಪಬಾರದು. ಕಿತ್ತು ಬಂದರೂ ಮುಳುಗದಿರಲಿ ಅಂತ ಈಜುಕೊಳದಲ್ಲಿ ಮಕ್ಕಳು ಹಿಡಿಯೋ ಸ್ಪಂಜಿನ ಕೋಲನ್ನು ಕತ್ತರಿಸಿ ಕಟ್ಟಿದೆ.

ಗೆಳೆಯರಲ್ಲಿ ಒಬ್ಬರಿಗೆ ಈ ರಬ್ಬರ್ ಕಪ್ಪಿನ ಸಹವಾಸ ಹಿಡಿಸಲಿಲ್ಲ. ‘ನಾಲ್ಕು ತೂತು ಕೊರೆದು ಬೋಲ್ಟ್ ಹಾಕಿಬಿಡೋಣ’ ಅಂದರು. ನೀರಿನ ಮಟ್ಟಕ್ಕಿಂತ ಕೆಳಗೆ, ಇಪ್ಪತ್ತೈದು ವರ್ಷ ದಾಟಿದ ಫೈಬರ್ ಮೈಗೆ ತೂತು! ಕಪ್ಪು ಕಿತ್ತರೆ ಹಲಗೆ ಹೋಗುತ್ತೆ, ಬೋಲ್ಟು ಕಿತ್ತರೆ ದೋಣಿಯ ಮೈಯೇ ಸೀಳುತ್ತೆ. ‘ಮೊದಲು ಸೋಲೋದು ಅಗ್ಗದ ಸಾಮಾನೇ ಆಗಿರಬೇಕು’ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ನನ್ನ ನೋಟ್‌ಬುಕ್ ಕೇಳಿ, ಲೆಕ್ಕವನ್ನು ಎರಡು ಸಲ ಓದಿ, ಡ್ರಿಲ್ ಮಷಿನ್ನು ಒಳಗಿಟ್ಟರು. ಮೂರು ವರ್ಷದಲ್ಲಿ ನನ್ನ ಲೆಕ್ಕವನ್ನು ಯಾರಾದರೂ ಪರಿಶೀಲಿಸಿದ್ದು ಅದೇ ಮೊದಲು. ಅಷ್ಟು ಖುಷಿ ಅಲೆ ಎದ್ದಾಗಲೂ ಆಗಲಿಲ್ಲ.

ಅಲೆ ಏಳೋಕೆ ಮೂರು ಭಾನುವಾರ ಹಿಡಿಯಿತು. ಮೊದಲ ವಾರ ಹಲಗೆಯನ್ನು ಪ್ಲೈವುಡ್‌ನಲ್ಲಿ ಮಾಡಿ, ನೇರ 90 ಡಿಗ್ರಿಗೆ ಇಟ್ಟು ನೋಡಿದೆ. ನೀರು ಕಾರಂಜಿಯಾಗಿ ಹಾರಿ ಎಲ್ಲರ ಸ್ಯಾಂಡ್‌ವಿಚ್ ತೋಯಿಸಿತು. ಎರಡನೇ ವಾರ ಕೋನ ಓರೆ ಮಾಡಿ, ಹಲಗೆಯನ್ನು ಒಂದು ಗೇಣು ಕೆಳಗಿಳಿಸಿದೆ. ದೋಣಿ ಬಲಕ್ಕೆ ಎಳೆಯತೊಡಗಿತು. ಹಲಗೆ ಬ್ರೇಕಿನ ಹಾಗೆ ಆ ಪಕ್ಕವನ್ನು ಹಿಡಿಯುತ್ತಲ್ಲ, ಸ್ಟಿಯರಿಂಗನ್ನು ಸದಾ ಚೂರು ಎಡಕ್ಕೆ ಹಿಡಿದೇ ಓಡಿಸಬೇಕು. ಮೂರನೇ ವಾರ ಬಿಳಿ ಮಣೆಯ ಹಲಗೆ, ಚೀಲದ ನೀರು ಎರಡೂ ಮೂಲೆಗೆ ಹೆಚ್ಚುಕಮ್ಮಿ ಸಮ. ಎಡಗಡೆ ನೊರೆ ಹಿಂದೆ ಹಿಂದೆ ಸರಿಯುತ್ತಾ ಹೋಗಿ, ಸೊಂಟದೆತ್ತರದ ಹಸಿರು ಇಳಿಜಾರು ನಿಂತಿತು. ನಮ್ಮನೆಯವರು ಹಗ್ಗ ಬಿಟ್ಟು ಹನ್ನೊಂದು ಸೆಕೆಂಡ್ ನಿಂತರು. ನಾನೇ ಎಣಿಸಿದ್ದು. ಅಷ್ಟಕ್ಕೇ ಮಗು ಹೆಜ್ಜೆ ಇಟ್ಟಷ್ಟು ಗಲಾಟೆ.

ಗಲಾಟೆ ಕೇಳಿ ದಡದಲ್ಲಿ ಒಬ್ಬ ಅಜ್ಜ ಕೈಬೀಸಿ ಕರೆದರು. ಬೈತಾರೆ ಅಂತ ಇವರೆಲ್ಲ ಮುಖ ಮುಖ ನೋಡಿಕೊಂಡರು. ಅವರು ಬೈಯಲಿಲ್ಲ, ತಮ್ಮ ಮನೆ ಮುಂದಿನ ದಂಡೆ ತೋರಿಸಿದರು. ಮರದ ಬೇರುಗಳು ಮಣ್ಣಿಲ್ಲದೆ ಬರಿಗಾಲಲ್ಲಿ ನಿಂತಿದ್ದವು. ಪಕ್ಕದ ಜೊಂಡಿನಲ್ಲಿ ಲೂನ್ ಹಕ್ಕಿ ಗೂಡು ಕಟ್ಟುತ್ತೆ, ನೀರಿನಂಚಿಗೇ ಕಟ್ಟುತ್ತೆ, ದೊಡ್ಡ ಅಲೆ ಬಂದರೆ ಮೊಟ್ಟೆ ಕೊಚ್ಚಿಹೋಗುತ್ತೆ ಅಂದರು. ಲೂನ್ ಈ ರಾಜ್ಯದ ಹಕ್ಕಿ.

ನಮ್ಮ ಕಡೆ ಕೆರೆ ಏರಿಯ ಒಳಮೈಗೆ ಕಲ್ಲು ಜೋಡಿಸೋದು ಯಾಕೆ ಅಂತ ನನಗೆ ಗೊತ್ತು. ಗಾಳಿಯ ಸಣ್ಣ ಅಲೆಯೇ ಮಣ್ಣು ತಿನ್ನುತ್ತೆ. ನಾನು ಮಾಡಿದ್ದು ಅದಕ್ಕಿಂತ ಎಷ್ಟೋ ದೊಡ್ಡದು, ಅದೂ ಬೇಕು ಅಂತಲೇ. ರಾತ್ರಿ ಕೂತು ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥೋನಿ ಫಾಲ್ಸ್ ಪ್ರಯೋಗಾಲಯದ 2022ರ ವರದಿ ಓದಿದೆ. ನಾಲ್ಕು ದೋಣಿಗಳ ಅಲೆಯನ್ನು ಕೆರೆಯಲ್ಲೇ ಅಳೆದಿದ್ದಾರೆ. ಮಾಮೂಲಿ ದೋಣಿಯ ಅಲೆ ದಡದಿಂದ 200 ಅಡಿ ದೂರದಲ್ಲಿ ಹೇಗಿರುತ್ತೋ ಆ ಮಟ್ಟಕ್ಕೆ ಇಳಿಯೋಕೆ ಸರ್ಫ್ ದೋಣಿಯ ಅಲೆಗೆ 500 ಅಡಿಗೂ ಹೆಚ್ಚು ದೂರ ಬೇಕು. ನಮ್ಮ ಕೆರೆಯ ನಕ್ಷೆಯಲ್ಲಿ ಸುತ್ತಲೂ 500 ಅಡಿ ಬಿಟ್ಟು ಗೆರೆ ಎಳೆದೆ. ಉತ್ತರದ ಕೊಲ್ಲಿ ಪೂರ್ತಿ ಹೋಯಿತು, ಗಾಳಿಯಿಲ್ಲದ ಒಳ್ಳೇ ಜಾಗ ಅದು. ಉಳಿದದ್ದು ನಡುವೆ ಒಂದು ಉದ್ದನೆಯ ಪಟ್ಟಿ.

‘ಕಾನೂನು ಅಷ್ಟು ಕೇಳಲ್ಲವಲ್ಲ’ ಅಂದರು ಇವರು. ‘ಗೇಟು ನನ್ನದು’ ಅಂದೆ. ಆ ಪಟ್ಟಿಯನ್ನು ಈಗ ಜಿಪಿಎಸ್‌ನಲ್ಲಿ ಗುರುತು ಹಾಕಿದ್ದೇವೆ. ಕೊಲ್ಲಿಯಲ್ಲಿ ಗೇಟು ದೋಣಿಯೊಳಗೇ ಇರುತ್ತೆ. ಗುಂಪಿನಲ್ಲಿ ಒಬ್ಬರಿಗೆ ಇದು ಇವತ್ತಿಗೂ ಸಿಟ್ಟು, ಎರಡು ವಾರ ಬರಲೇ ಇಲ್ಲ.

ಬೇರೆ ದೋಣಿಯವರು ನೋಡಿ ‘ನಮಗೂ ಒಂದು ಮಾಡಿಕೊಡಿ, ದುಡ್ಡು ಕೊಡ್ತೀವಿ’ ಅಂತ ಕೇಳಿದ್ದಾರೆ. ದುಡ್ಡು ತಗೊಂಡರೆ ಅದು ದುಡಿಮೆ, ನನ್ನ ವೀಸಾ ಅದಕ್ಕೆ ಒಪ್ಪಲ್ಲ. ಅಳತೆಯ ಹಾಳೆ ಮಾತ್ರ ಕೊಡ್ತೀನಿ. ಅದರ ಕೆಳಗೆ ನಾಲ್ಕು ಸಾಲು ಬರೆದಿರ್ತೀನಿ: ಗೇಟು ಇರುವಾಗ 20 ಕಿ.ಮೀ. ದಾಟಬೇಡಿ. ಎಂಜಿನ್ ಓಡುವಾಗ ಹಿಂದಿನ ಹಲಗೆಯ ಮೇಲೆ ಯಾರೂ ಕೂರಬೇಡಿ, ಅಲ್ಲಿ ಸೇರೋ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ದಡದಿಂದ 500 ಅಡಿ. ಮನೆಗೆ ಹೊರಡೋಕೆ ಮುಂಚೆ ಚೀಲದ ನೀರು ಪೂರ್ತಿ ಖಾಲಿ ಮಾಡಿ, ಇಲ್ಲದಿದ್ದರೆ ಜೀಬ್ರಾ ಮಸಲ್ ಅನ್ನೋ ಚಿಪ್ಪಿನ ಮರಿಗಳು ಈ ಕೆರೆಯಿಂದ ಆ ಕೆರೆಗೆ ಪ್ರಯಾಣ ಮಾಡ್ತವೆ. ಈ ಕೊನೆಯದು ಇಲ್ಲಿ ಕಾನೂನೇ.

ಮುಂದಿನ ಚಳಿಗಾಲಕ್ಕೆ ಇನ್ನೊಂದು ಗೇಟಿನ ಕೆಲಸ ಇದೆ, ಎಡ ಪಕ್ಕಕ್ಕೆ. ನಾನು ಹಲಗೆಯ ಮೇಲೆ ನಿಲ್ಲೋದು ಬಲಗಾಲು ಮುಂದಿಟ್ಟು, ನನಗೆ ಅಲೆ ಬಲಗಡೆ ಬೇಕು. ಮಣೆ ತಂದಿಟ್ಟಿದ್ದೀನಿ.