ಮಹೇಶಚಂದ್ರರ ಹದಿನೆಂಟು ನಡೆಗಳು

ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಕಣ್ಣು ದಣಿದಾಗ ನಾನು ಹಳೆಯ ಚದುರಂಗದಾಟಗಳನ್ನು ಹಾಸಿನ ಮೇಲೆ ಮರಳಿ ಆಡಿ ನೋಡುವುದುಂಟು. ಅವುಗಳಲ್ಲಿ ಮತ್ತೆ ಮತ್ತೆ ಕೈಗೆತ್ತಿಕೊಂಡದ್ದು 1855ರಲ್ಲಿ ಕಲ್ಕತ್ತೆಯಲ್ಲಿ ನಡೆದ ಒಂದು ಆಟ. ಬಿಳಿಯ ಕಾಯಿಗಳು ಬ್ಯಾರಿಸ್ಟರ್ ಜಾನ್ ಕಾಕ್ರೇನನವು. ಕಪ್ಪು ಕಾಯಿಗಳು ಬಂಗಾಳದ ಹಳ್ಳಿಗಾಡಿನಿಂದ ಬಂದ ಮಹೇಶಚಂದ್ರ ಬ್ಯಾನರ್ಜಿಯವರವು. ಇದು ಪಂದ್ಯಾವಳಿಯ ಆಟವಲ್ಲ, ಹವ್ಯಾಸದ ಆಟ.

ಮಹೇಶಚಂದ್ರರು ನಡುವಣ ಮನೆಗಳನ್ನು ಆಕ್ರಮಿಸುವ ಆತುರ ತೋರುವುದಿಲ್ಲ. ರಾಜನ ಪಕ್ಕದ ಕಾಲಾಳನ್ನು ಒಂದೇ ಮನೆ ಮುಂದೆ ಸರಿಸಿ, ಆ ತೆರವಿನಲ್ಲಿ ಒಂಟೆಯನ್ನು ನಿಲ್ಲಿಸುತ್ತಾರೆ. ಕುದುರೆಗಳನ್ನು ಕಡಿದಾಡಿಸಿ, ಬಿಳಿಯು ಮಧ್ಯದಲ್ಲಿ ಕಾಲಾಳುಗಳ ಕೋಟೆ ಕಟ್ಟಲು ಬಿಟ್ಟು, ಅನಂತರ ಆ ಕೋಟೆಯನ್ನೇ ಪಕ್ಕದಿಂದ ಕೊರೆಯುತ್ತಾರೆ. ಯುರೋಪಿನ ಅಂದಿನ ಅಭಿರುಚಿಗೆ ಇದು ವಿಚಿತ್ರ. ಆದರೆ ನಮ್ಮ ದೇಶೀ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಸ್ವಾತಂತ್ರ್ಯವಿರಲಿಲ್ಲ. ಆ ರೂಢಿಯಲ್ಲಿ ಬೆಳೆದ ಕೈಗೆ ಇದು ಸಹಜವೆಂಬ ಇತಿಹಾಸಕಾರರ ವಿವರಣೆ ನನಗೆ ಒಪ್ಪಿತ.

ಆಟದ ಕೊನೆ ಮಾತ್ರ ದಾರುಣ. ಹದಿನಾಲ್ಕನೆಯ ನಡೆಯಲ್ಲಿ ಆನೆಯನ್ನು ರಾಜನ ಬಳಿಯಿಂದ ಸರಿಸಿದ್ದರಿಂದ ಒಂದು ಕಾಲಾಳು ದುರ್ಬಲವಾಯಿತು. ಕಾಕ್ರೇನನ ಕುದುರೆ ಅಲ್ಲಿಗೇ ನುಗ್ಗಿತು. ಹದಿನೆಂಟನೆಯ ನಡೆಯಲ್ಲಿ ಮಹೇಶಚಂದ್ರರು ಬಿಳಿಯ ಮಂತ್ರಿಯ ಮೇಲೆ ಕುದುರೆಯನ್ನು ಏರಿಸಿದರು; ಅಷ್ಟರಲ್ಲಿ ಮೂರೇ ನಡೆಗಳ ಚೆಕ್‌ಮೇಟ್ ಸಿದ್ಧವಾಗಿತ್ತು. ಬಿಳಿಯು ಮಂತ್ರಿಯನ್ನೇ ಬಲಿಕೊಡುತ್ತದೆ, ಕಪ್ಪು ರಾಜ ತನ್ನವರ ನಡುವೆಯೇ ಉಸಿರುಕಟ್ಟಿ ಸಾಯುತ್ತಾನೆ. ಓದಲು ಸೊಗಸು, ಒಪ್ಪುತ್ತೇನೆ.

ಅರವತ್ತೇಳು ವರ್ಷಗಳ ಬಳಿಕ, 1922ರಲ್ಲಿ, ಅರ್ನ್ಸ್ಟ್ ಗ್ರುನ್‌ಫೆಲ್ಡ್ ಇದೇ ಆರಂಭವನ್ನು ದೊಡ್ಡ ಪಂದ್ಯಾವಳಿಗಳಿಗೆ ತಂದನು. ವಿಯೆನ್ನಾದಲ್ಲಿ ಅಲೆಖೈನನನ್ನೂ ಸೋಲಿಸಿದನು. ಆರಂಭಕ್ಕೆ ಅವನ ಹೆಸರೇ ನಿಂತಿತು. ಈ ಬಗೆಯ ಆರಂಭಗಳ ಇಡೀ ಕುಲಕ್ಕೆ ‘ಇಂಡಿಯನ್ ಡಿಫೆನ್ಸ್’ ಎನ್ನುವರು. ದೇಶದ ಹೆಸರು ಉಳಿಯಿತು, ಆಡಿದವನದು ಉಳಿಯಲಿಲ್ಲ. ಉಳಿದಿರುವಲ್ಲಿಯೂ ಇಂಗ್ಲಿಷ್ ಬರಹಗಳು ಅದನ್ನು ‘ಮೊಹೆಶ್ಚುಂದರ್’ ಎಂದು ತಿರುಚಿವೆ. ಲಿಪಿಕಾರರ ಇಂಥ ಲೀಲೆಗಳು ನಮಗೆ ಹೊಸತಲ್ಲ.

ಸೋಲಿನ ಕಾರಣಕ್ಕೆ ಈ ಆರಂಭವನ್ನು ಅಪಕ್ವವೆನ್ನುವುದು ಸಲ್ಲದು. ಕೊನೆಯ ಗರಿಗಳಲ್ಲಿ ತಪ್ಪುಗಳಿವೆಯೆಂದು ಪ್ರಾಚೀನ ಪ್ರತಿಯೊಂದನ್ನು ಯಾವ ಸಂಪಾದಕನೂ ಬದಿಗಿಡುವುದಿಲ್ಲ. ಹದಿಮೂರನೆಯ ನಡೆ ಮುಗಿದಲ್ಲಿ ಆಟವನ್ನು ನಿಲ್ಲಿಸಿ ನೋಡಿ: ಒಂಟೆಗಳೆರಡೂ ಹೊರಗೆ, ರಾಜ ಕೋಟೆಯೊಳಗೆ, ಆನೆ ತೆರೆದ ಸಾಲಿನಲ್ಲಿ. ನನ್ನ ಕಣ್ಣಿಗೆ ಅಲ್ಲಿ ಕಪ್ಪಿಗೆ ಯಾವ ಕುಂದೂ ಕಾಣದು.