ಮರಳಿ ಬಂದ ವ್ಯಾಧಿ

ಕಳೆದ ಶ್ರಾವಣದಲ್ಲಿ ವಿದುರಾಶ್ವತ್ಥದ ನಮ್ಮ ಮನೆಗೆ ರಕ್ತಪರೀಕ್ಷೆಯ ಕಾಗದವೊಂದು ಬಂದಿತು. ಅದರಲ್ಲಿ ನಮಗೆ ಬೇಕಾಗಿದ್ದುದು ಒಂದೇ ಅಂಕಿ: 0.24. ಪ್ರಾಸ್ಟೇಟ್ ಗ್ರಂಥಿಗೆ ಕ್ಯಾನ್ಸರ್ ತಗುಲಿ, ಆ ಗ್ರಂಥಿಯನ್ನೇ ತೆಗೆಸಿಕೊಂಡು ಆಗ ಮೂರು ವರ್ಷ ಸಂದಿದ್ದವು. ಗ್ರಂಥಿಯಿಲ್ಲದವನ ರಕ್ತದಲ್ಲಿ ಪಿ.ಎಸ್.ಎ. ಎಂಬ ಅಂಶ ಹೆಚ್ಚುಕಡಿಮೆ ಕಾಣಿಸಲೇಬಾರದು. ಅದು 0.2ನ್ನು ತಲುಪಿ, ಮತ್ತೊಮ್ಮೆ ನೋಡಿದಾಗಲೂ ಇಳಿಯದಿದ್ದರೆ ವ್ಯಾಧಿ ಮರಳಿತೆಂದೇ ವೈದ್ಯರ ಎಣಿಕೆ. ಮೂರು ತಿಂಗಳ ಬಳಿಕ ನಮ್ಮದು 0.31 ಆಗಿತ್ತು.

ನೋವಿಲ್ಲ, ಜ್ವರವಿಲ್ಲ, ಊಟ ನಿದ್ರೆಗಳಿಗೆ ಕೊರತೆಯಿಲ್ಲ. "ಇಷ್ಟು ಸಣ್ಣ ಅಂಕಿಗೆ ಅಂಜುವುದೇ? ಈ ವಯಸ್ಸಿನಲ್ಲಿ ಕಾಯದ ಮೋಹವೇಕೆ?" ಎಂದು ಬಂಧುಗಳು ಕೇಳಿದರು. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು 111ನೆಯ ವಯಸ್ಸಿನಲ್ಲಿ, 2018ರ ಡಿಸೆಂಬರಿನಲ್ಲಿ, ಚೆನ್ನೈಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು ನೆನಪಿಸಿ ಅವರ ಬಾಯಿ ಮುಚ್ಚಿಸಿದೆವು. ನಮ್ಮ ಮನಸ್ಸಿನ ಬಾಯಿ ಮಾತ್ರ ಮುಚ್ಚಲಿಲ್ಲ.

ಚಿಕಿತ್ಸೆ ಬೇಡವೆನ್ನಲು ನಮಗೊಂದು ಗುಟ್ಟಿನ ಕಾರಣವಿತ್ತು. ಶಸ್ತ್ರಚಿಕಿತ್ಸೆಯಾದ ಮೇಲೆ ಎಂಟು ತಿಂಗಳು ಮೂತ್ರವು ನಮ್ಮ ಹಿಡಿತದಲ್ಲಿರಲಿಲ್ಲ. ಕೆಮ್ಮಿದರೆ, ಎದ್ದುನಿಂತರೆ ಬಟ್ಟೆ ಒದ್ದೆಯಾಗುತ್ತಿತ್ತು. ಮಠದಲ್ಲಿ ಬೆಳೆದ ನಾವು ಆ ಸ್ಥಿತಿಯಲ್ಲಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತರಲು ಅಂಜಿ, ಎಷ್ಟೋ ದಿನ ವಿಭೂತಿ ಧರಿಸಿ ಎದ್ದುಬಿಟ್ಟದ್ದುಂಟು. ಲಿಂಗಧಾರಿಗೆ ಸೂತಕವಿಲ್ಲವೆಂದು ಊರೂರಿನಲ್ಲಿ ಉಪನ್ಯಾಸ ಮಾಡಿದವರ ಅವಸ್ಥೆಯಿದು! ವಿಕಿರಣ ಚಿಕಿತ್ಸೆಯಿಂದ, ಜನರು 'ಕರೆಂಟು ಕೊಡಿಸುವುದು' ಎನ್ನುವರಲ್ಲ, ಅದರಿಂದ ಆ ತೊಂದರೆ ಮರುಕಳಿಸೀತು, ಮಲದಲ್ಲಿ ರಕ್ತವೂ ಕಂಡೀತು ಎಂದು ಕೇಳಿದ್ದೆವು.

ಬೆಂಗಳೂರಿನಲ್ಲಿ ಪಿ.ಎಸ್.ಎಂ.ಎ. ಪೆಟ್ ಸ್ಕ್ಯಾನ್ ಮಾಡಿಸಿದರು. ಎಲ್ಲಿಯೂ ಏನೂ ಕಾಣಲಿಲ್ಲ. ನಾವು ಹಿಗ್ಗಿದೆವು. "ಸ್ವಾಮಿ, ಇಲ್ಲವೆಂದಲ್ಲ, ಕಾಣುವಷ್ಟು ಬೆಳೆದಿಲ್ಲವೆಂದು ಅರ್ಥ," ಎಂದರು ವೈದ್ಯರು. ಧೃತರಾಷ್ಟ್ರನಿಗೆ ರುಚಿಸದ ಹಿತವನ್ನು ಹೇಳಿದ ವಿದುರನ ಹೆಸರಿನ ಊರಿನವರಾದ ನಾವು ಸುಮ್ಮನೆ ಕೇಳಬೇಕಾಯಿತು. ನಮ್ಮ ಅಂಕಿ ಸುಮಾರು ಎಂಟು ತಿಂಗಳಿಗೆ ಇಮ್ಮಡಿಯಾಗುವ ವೇಗದಲ್ಲಿತ್ತು. 0.5 ದಾಟುವ ಮೊದಲೇ, ಗ್ರಂಥಿಯಿದ್ದ ಜಾಗಕ್ಕೆ ವಿಕಿರಣ ಕೊಟ್ಟರೆ ಫಲ ಹೆಚ್ಚು. ತಡಮಾಡಿದಷ್ಟೂ ಅವಕಾಶ ಕಿರಿದಾಗುತ್ತದೆ. ಎಂಬತ್ತು ದಾಟಿದವರಲ್ಲಿ ಅಂಕಿ ಮೆಲ್ಲಗೆ ಏರುತ್ತಿದ್ದರೆ ಕಾದು ನೋಡುವುದೂ ವಿವೇಕವೇ. ನಮಗಾದರೋ ಅರವತ್ತಾರು.

ಅಂದೇ ಏಕೆ ವಿಕಿರಣ ಕೊಡಲಿಲ್ಲವೆಂದು ನಾವು ತುಸು ಕೋಪದಿಂದಲೇ ಕೇಳಿದೆವು. ಬ್ರಿಟನ್, ಕೆನಡಾ ಮೊದಲಾದ ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ 'ರ್‍ಯಾಡಿಕಲ್ಸ್' ಎಂಬ ಅಧ್ಯಯನವನ್ನು ಅವರು ವಿವರಿಸಿದರು. ಶಸ್ತ್ರಚಿಕಿತ್ಸೆಯಾದೊಡನೆ ಎಲ್ಲರಿಗೂ ವಿಕಿರಣ ಕೊಡುವುದರಿಂದ ವಿಶೇಷ ಲಾಭ ಕಾಣದೆ ಮೂತ್ರದ ತೊಂದರೆಯೇ ಹೆಚ್ಚಿತಂತೆ. ಅಂಕಿ ಏರಿದಾಗ ಕೊಟ್ಟರೆ ಸಾಕು. ಕಾದದ್ದು ತಪ್ಪಲ್ಲ, ಇನ್ನು ಕಾಯುವುದು ತಪ್ಪು. ಗಂಡು ಹಾರ್ಮೋನನ್ನು ತಗ್ಗಿಸುವ ಇಂಜೆಕ್ಷನ್ನನ್ನು ಆರು ತಿಂಗಳು ಜೊತೆಗೆ ಕೊಡಬಹುದೆಂದರು. ಅದರಿಂದ ಮೈ ಬಿಸಿಯೇರುತ್ತದೆ, ಮೂಳೆ ಸವೆಯುತ್ತದೆ, ಆಯಾಸ ಕಾಡುತ್ತದೆ. ಅಂಕಿ ಇಷ್ಟು ಕಡಿಮೆಯಿರುವಾಗ ನಮಗೆ ಅದರ ಹೆಚ್ಚುವರಿ ಲಾಭ ಸಣ್ಣದೆಂದು ತಿಳಿದು, ಸದ್ಯಕ್ಕೆ ಬೇಡವೆಂದೆವು.

ವಿಕಿರಣಕ್ಕೆ ಒಪ್ಪಿಸಿದ್ದು ಮಾತ್ರ ವೈದ್ಯರಲ್ಲ. ಅಂದು ರಾತ್ರಿ ನಮ್ಮ ಗುಟ್ಟನ್ನು ಹೇಳಿಕೊಂಡಾಗ ಮನೆಯವರು ದೀಪದ ಬತ್ತಿ ಹೊಸೆಯುತ್ತಲೇ ಅಂದರು: "ಸೂತಕವಿಲ್ಲವೆಂಬ ಮಾತು ಸಭೆಗೆ ಮಾತ್ರವೇನು? ಆ ಬಟ್ಟೆ ಒಗೆದವಳು ನಾನು. ನನಗಿಲ್ಲದ ಹೇಸಿಗೆ ಲಿಂಗಕ್ಕೆ ಇದೆಯೇನು?" ನಮ್ಮ ಬಳಿ ಉತ್ತರವಿರಲಿಲ್ಲ.

ಬರುವ ಸೋಮವಾರದಿಂದ ವಾರಕ್ಕೆ ಐದು ದಿನದಂತೆ ಮೂವತ್ತಮೂರು ಸಲ. ಬೆಂಗಳೂರಿನಲ್ಲಿ ಮಗನ ಮನೆಯಲ್ಲಿ ಇರುತ್ತೇವೆ. ಯಂತ್ರದ ಮುಂದೆ ಮಲಗುವಾಗ ಮೂತ್ರಕೋಶ ತುಂಬಿರಬೇಕಂತೆ. ಅದಕ್ಕಾಗಿ ನೀರು ಕುಡಿದು ಕಾಯಬೇಕು. ನಮಗೆ ಕೊಟ್ಟ ಸಮಯ ಬೆಳಗಿನ ಎಂಟು ಗಂಟೆ. ಆದುದರಿಂದ ಪೂಜೆಯನ್ನು ಐದಕ್ಕೇ ಮುಗಿಸುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಕರಡಿಗೆಯ ಜೊತೆಗೆ ಹಳೆಯ ಪಂಚೆಗಳ ಒಂದು ಗಂಟನ್ನೂ ಮನೆಯವರು ಚೀಲಕ್ಕೆ ಸೇರಿಸಿದ್ದಾರೆ.