ಪಾಲು ಮಾಡಿದವನು ಕೊನೆಗೆ ಆರಿಸಬೇಕು

ಅತ್ತಿಗುಂಡಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಕರೆಂಟು ಹೋಗುತ್ತದೆ, ಆಮೇಲೆ ಫೋನಿನ ಸಿಗ್ನಲ್ ಹೋಗುತ್ತದೆ, ಕೊನೆಗೆ ಎದುರಿನ ಗುಡ್ಡವೇ ಮಂಜಿನಲ್ಲಿ ಹೋಗಿಬಿಡುತ್ತದೆ. ಅಂಥ ಒಂದು ಸಂಜೆ, ಕಾಫಿ ತೋಟದ ನಡುವಿನ ಹಳೆಯ ಮನೆಯೊಂದರ ಜಗಲಿಯಲ್ಲಿ, ಚಾರ್ಜರ್ ಲೈಟಿನ ಸುತ್ತ ನಾಲ್ಕು ಜನ ಮೊಮ್ಮಕ್ಕಳು ಕೂತು ಒಂದು ಡ್ರ್ಯಾಗನ್ನಿನ ವಿಚಾರಣೆ ನಡೆಸುತ್ತಿದ್ದರು.

ದೊಡ್ಡವಳಿಗೆ ಬೆಂಗಳೂರಿನಲ್ಲಿ ಕೆಲಸ. ಅವಳ ತಮ್ಮನಿಗೆ ಇಂಜಿನಿಯರಿಂಗ್ ಎರಡನೇ ವರ್ಷ. ಮೂರನೆಯವಳು ಅತ್ತೆಯ ಮಗಳು. ನಾಲ್ಕನೆಯವನು ಚಿಕ್ಕಪ್ಪನ ಮಗ, ಪಿಯುಸಿ ಹುಡುಗ. ತೋಟ ಪಾಲಾದ ಮೇಲೆ ಅವನು ಈ ಮನೆಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಬಂದವನನ್ನು ಹೇಗಾದರೂ ನಗಿಸಬೇಕೆಂದೇ ಅಕ್ಕ ಈ ಆಟದ ಡಬ್ಬ ತೆರೆದಿದ್ದಳು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದದ್ದು. ಕಾಗದ, ಪೆನ್ಸಿಲು, ಬಗೆಬಗೆಯ ಮುಖಗಳ ದಾಳ ಇದ್ದರೆ ಸಾಕು. ನಮ್ಮ ತಾಳಮದ್ದಳೆಯನ್ನು ನೆನೆಸಿಕೊಂಡರೆ ಅರ್ಧ ಅರ್ಥವಾದಂತೆ. ವೇಷವಿಲ್ಲ, ಬಣ್ಣವಿಲ್ಲ, ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡಬೇಕು. ಭಾಗವತರ ಜಾಗದಲ್ಲಿ ಆಟ ನಡೆಸುವವರೊಬ್ಬರು. ವ್ಯತ್ಯಾಸವೆಂದರೆ ಇಲ್ಲಿ ಕಥೆ ಮೊದಲೇ ಗೊತ್ತಿಲ್ಲ, ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರಗಳಿಗೆ ವರ್ಗಗಳುಂಟು: ಯೋಧ, ಮಾಂತ್ರಿಕ, ಕಳ್ಳ, ಗಾಯ ಮಾಗಿಸುವ ಪೂಜಾರಿ, ಹೀಗೆ.

ತಮ್ಮನಿಗೆ ಪುಸ್ತಕದಲ್ಲಿದ್ದ ವರ್ಗಗಳು ಸಾಲಲಿಲ್ಲ. ಹಾಸ್ಟೆಲ್ಲಿನಲ್ಲಿ ನಿದ್ದೆಗೆಟ್ಟು ಮೂರು ಪುಟದ ಹೊಸದೊಂದು ವರ್ಗ ಬರೆದು ತಂದಿದ್ದ. ಡ್ರ್ಯಾಗನ್ ವಂಶದವನು. ಮೈಮೇಲೆ ಉಕ್ಕಿನ ಕವಚದಂಥ ಹುರುಪೆ, ಮೊದಲ ಹಂತದಿಂದಲೇ ರೆಕ್ಕೆ, ಪ್ರತಿ ಸರದಿಯಲ್ಲೂ ಬೆಂಕಿಯ ಉಸಿರು. ಓದುವಾಗ ಎಲ್ಲರೂ ಬಾಯಿಬಿಟ್ಟು ಕೇಳಿದರು. ಚಿತ್ರವನ್ನೂ ಬರೆದಿದ್ದ, ಚೆನ್ನಾಗಿಯೇ ಇತ್ತು.

ಮೊದಲ ಕಾಳಗ. ಗುಹೆಯ ಬಾಗಿಲಲ್ಲಿ ಮೂರು ಗಾಬ್ಲಿನ್, ಅಂದರೆ ಕುಳ್ಳ ರಾಕ್ಷಸರು. ಡ್ರ್ಯಾಗನ್ ವಂಶದವನು ಒಮ್ಮೆ ಉಸಿರು ಬಿಟ್ಟ. ಮೂರೂ ಸುಟ್ಟು ಬಿದ್ದವು. ಎರಡನೆಯ ಕಾಳಗದಲ್ಲೂ ಅದೇ ಕಥೆ. ಯೋಧನಾಗಿದ್ದ ಚಿಕ್ಕಪ್ಪನ ಮಗ ಕತ್ತಿ ಎತ್ತುವ ಮೊದಲೇ ಎಲ್ಲ ಮುಗಿದಿತ್ತು. ಯಾರಿಗೂ ಗಾಯವಾಗದ್ದರಿಂದ ಪೂಜಾರಿಯಾಗಿದ್ದ ಅತ್ತೆಯ ಮಗಳಿಗೂ ಕೆಲಸವಿಲ್ಲ. ಹುಡುಗ ದಾಳಗಳನ್ನು ಮೆಲ್ಲಗೆ ಡಬ್ಬಕ್ಕೆ ಹಾಕಿ, "ನೀವು ಆಡ್ತಿರಿ, ನಂಗೆ ನಿದ್ದೆ ಬರ್ತಿದೆ. ಬೆಳಿಗ್ಗೆ ಬಸ್ಸಿಗೆ ಹೋಗ್ಬೇಕು" ಅಂದ. ಗಂಟೆ ಏಳೂವರೆ.

ಅಕ್ಕನಿಗೆ ಕಸಿವಿಸಿಯಾಯಿತು. ಪೆನ್ಸಿಲು ಹಿಡಿದು ಲೆಕ್ಕ ಹಾಕಿದಳು. 2014ರ ಆವೃತ್ತಿಯಲ್ಲಿ ಡ್ರ್ಯಾಗನ್ ಕುಲದ ಪಾತ್ರಕ್ಕೆ ಬೆಂಕಿಯುಸಿರು ಇದ್ದೇ ಇದೆ. ಮೊದಲ ಹಂತದಲ್ಲಿ ಆರು ಮುಖದ ಎರಡು ದಾಳದಷ್ಟು ಪೆಟ್ಟು, ಸರಾಸರಿ 7. ಒಂದು ಗಾಬ್ಲಿನ್ನಿನ ಜೀವವೂ 7. ಯೋಧನ ಉದ್ದ ಕತ್ತಿಗೆ ಎಂಟು ಮುಖದ ದಾಳ, ತೋಳಿನ ಬಲ 3 ಸೇರಿ ತಗುಲಿದರೆ ಸರಾಸರಿ ಏಳೂವರೆ. ನೋಡುವುದಕ್ಕೆ ಸರಿಸಮ. ಆದರೆ ಕತ್ತಿ ಬೀಳುವುದು ಒಬ್ಬನ ಮೇಲೆ, ಉಸಿರು ಹರಡುವುದು ಎದುರಿದ್ದವರೆಲ್ಲರ ಮೇಲೆ. ತಪ್ಪಿಸಿಕೊಂಡವನಿಗೂ ಅರ್ಧ ಪೆಟ್ಟು. ಅದಕ್ಕೇ ಪುಸ್ತಕದವರು ಒಮ್ಮೆ ಉಸಿರು ಬಿಟ್ಟರೆ ವಿಶ್ರಾಂತಿ ಪಡೆಯುವವರೆಗೆ ಮತ್ತೆ ಬಿಡುವಂತಿಲ್ಲ ಎಂದು ಕಟ್ಟಿಹಾಕಿದ್ದಾರೆ. ರೆಕ್ಕೆಯೂ ಅಷ್ಟೆ. ಡ್ರ್ಯಾಗನ್ ರಕ್ತದ ಮಾಂತ್ರಿಕನಿಗೆ ಅದು ಮೂಡುವುದು ಹದಿನಾಲ್ಕನೆಯ ಹಂತದಲ್ಲಿ. ಒಟ್ಟು ಹಂತಗಳೇ ಇಪ್ಪತ್ತು.

ತಮ್ಮ ಒಪ್ಪಲಿಲ್ಲ. "ಡ್ರ್ಯಾಗನ್ ಅಂದ್ಮೇಲೆ ಡ್ರ್ಯಾಗನ್ ಥರಾನೇ ಇರ್ಬೇಕಲ್ವಾ? ಎಲ್ಲಾ ಸಮ ಮಾಡ್ತೀನಿ ಅಂತ ಹುಲಿಯನ್ನ ಬೆಕ್ಕು ಮಾಡ್ತೀಯಾ?"

ಅವನ ಮಾತೂ ಸುಳ್ಳಲ್ಲ. ಎಲ್ಲರಿಗೂ ಅದೇ ಕತ್ತಿ, ಅದೇ ಪೆಟ್ಟು ಆದರೆ ಬೇರೆ ಬೇರೆ ವರ್ಗಗಳಾದರೂ ಯಾಕೆ ಬೇಕು? ಅಕ್ಕನ ಬಳಿ ಉತ್ತರವಿರಲಿಲ್ಲ.

ಹುಲಿ ಎಂಬ ಮಾತು ಕಿವಿಗೆ ಬಿದ್ದು, ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜ ತಿರುಗಿದರು. "ಹುಲಿಕುರಿ ಆಟದಲ್ಲಿ ಹುಲಿ ಹುಲಿಯೇ ಕಣೋ, ಬೆಕ್ಕಲ್ಲ" ಅಂದರು. ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನಬಹುದು, ಕುರಿ ಹುಲಿಯನ್ನು ತಿನ್ನುವಂತಿಲ್ಲ. ಆದರೆ ಕುರಿಯ ಹಿಂದಿನ ಮನೆ ಖಾಲಿಯಿಲ್ಲದಿದ್ದರೆ ಹುಲಿ ಹಾರುವಂತಿಲ್ಲ. ಕುರಿಗಳು ಒಂದಕ್ಕೊಂದು ಒತ್ತಿ ನಿಂತು ಮೂರೂ ಹುಲಿಗಳನ್ನು ಅಲುಗದಂತೆ ಮಾಡಿದರೆ ಗೆದ್ದಂತೆ. ಬಲ ಸಮವಲ್ಲ, ಆಟ ಸಮ. ನೇಪಾಳದಲ್ಲಿ ಇದರದೇ ದಾಯಾದಿ ಬಾಘ್‌ಚಾಲ್ ಇದೆ, ನಾಲ್ಕು ಹುಲಿ, ಇಪ್ಪತ್ತು ಮೇಕೆ. 2000ರ ದಶಕದಲ್ಲಿ ಸಂಶೋಧಕರು ಕಂಪ್ಯೂಟರಿನಲ್ಲಿ ಅದನ್ನು ಪೂರ್ತಿ ಲೆಕ್ಕ ಹಾಕಿ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲವೆಂದು ತೋರಿಸಿದರು.

"ಸಮ ಇದೆ ಅಂತ ನಿಮಗೆ ಹೆಂಗೆ ಗೊತ್ತಾಗ್ತಿತ್ತು ಅಜ್ಜ? ಆಗ ಕಂಪ್ಯೂಟರ್ ಎಲ್ಲಿತ್ತು?" ಅತ್ತೆಯ ಮಗಳು ಕೇಳಿದಳು.

"ಒಂದಾಟ ಹುಲಿ ಹಿಡಿದವನು ಮುಂದಿನ ಆಟ ಕುರಿ ಹಿಡೀಬೇಕು. ಎರಡೂ ಕಡೆ ಕೂತವನಿಗೆ ತಾನೇ ಗೊತ್ತಾಗುತ್ತೆ." ಅಜ್ಜ ಸ್ವಲ್ಪ ಹೊತ್ತು ಮಳೆಯ ಕಡೆ ನೋಡಿದರು. "ತೋಟ ಪಾಲು ಮಾಡುವಾಗಲೂ ಅಷ್ಟೇ ಹೇಳಿದ್ದೆ. ಗಡಿ ಗೆರೆ ಎಳೆದವನು ಕೊನೆಗೆ ಆರಿಸಬೇಕು ಅಂತ." ಹಾಗೆ ನಡೆಯಿತೋ ಇಲ್ಲವೋ ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಚಿಕ್ಕಪ್ಪನ ಮಗ ನೆಲ ನೋಡುತ್ತಿದ್ದ.

ಅಕ್ಕ ಡ್ರ್ಯಾಗನ್ನಿನ ಮೂರು ಪುಟ ಎತ್ತಿ ಅವನ ಮುಂದಿಟ್ಟಳು. ಯೋಧನ ಕಾಗದ ತಮ್ಮನಿಗೆ. "ಇನ್ನೊಂದೇ ಕಾಳಗ. ಆಮೇಲೆ ಮಲಗು."

ಮತ್ತೆ ಮೂರು ಗಾಬ್ಲಿನ್. ಹುಡುಗ ಉಸಿರು ಬಿಟ್ಟ. ಎರಡು ಸತ್ತವು, ಮತ್ತೊಮ್ಮೆ ಬಿಟ್ಟದ್ದಕ್ಕೆ ಉಳಿದದ್ದೂ ಸತ್ತಿತು. ನಡುವೆ ತಮ್ಮ ಒಮ್ಮೆ ಕತ್ತಿ ಬೀಸಿದ, ತಗುಲಲಿಲ್ಲ. ಮುಂದಿನ ಕೋಣೆಯಲ್ಲಿ ಆರು ಇದ್ದವು. ಅಲ್ಲೂ ಅವನ ಕತ್ತಿಗೆ ಸಿಕ್ಕಿದ್ದು ಸುಟ್ಟ ವಾಸನೆ ಮಾತ್ರ. ತಮ್ಮ ದಾಳವನ್ನು ಅಂಗೈಯಲ್ಲಿ ಉರುಳಿಸುತ್ತ, "ಇದ್ರಲ್ಲಿ ನಾನು ಮಾಡೋದೇನು?" ಅಂದ. ಅಂದವನು ಹಾಗೇ ಸುಮ್ಮನಾದ.

ಹುಲಿಕುರಿಗೂ ಈ ಆಟಕ್ಕೂ ಒಂದು ಅಂತರ ಅಕ್ಕನಿಗೆ ಆಗ ಹೊಳೆಯಿತು. ಅಲ್ಲಿ ಹುಲಿ, ಕುರಿ ಎದುರಾಳಿಗಳು. ಇಲ್ಲಿ ಡ್ರ್ಯಾಗನ್, ಯೋಧ ಒಂದೇ ಕಡೆಯವರು; ಡ್ರ್ಯಾಗನ್ ಗೆದ್ದರೆ ಯೋಧನೂ ಗೆದ್ದಂತೆಯೇ. ಆದ್ದರಿಂದ ಪೆಟ್ಟಿನ ಲೆಕ್ಕದಿಂದಲೇ ತೀರ್ಮಾನ ಮುಗಿಯುವುದಿಲ್ಲ. ಆಟ ಮುಗಿದ ಮೇಲೆ ಒಬ್ಬೊಬ್ಬರನ್ನೂ ಕೇಳಬೇಕು: ನೀನಿಲ್ಲದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ ಎಂದು ಇಬ್ಬರು ಹೇಳಿದರೆ, ಮೂರನೆಯವನ ಪಾತ್ರದಲ್ಲಿ ತಪ್ಪಿದೆ. ತಾಳಮದ್ದಳೆಯಲ್ಲಿ ರಾವಣನ ಅರ್ಥ ಎಷ್ಟೇ ಚೆನ್ನಾಗಿರಲಿ, ವಿಭೀಷಣನಿಗೆ ಬಾಯಿ ತೆರೆಯಲು ಬಿಡದಿದ್ದರೆ ಪ್ರಸಂಗ ಕೆಡುತ್ತದಲ್ಲ, ಹಾಗೆ.

ಪೆನ್ಸಿಲನ್ನು ತಮ್ಮನೇ ಕೇಳಿ ಪಡೆದ. ಬೆಂಕಿ ಹಾಗೇ ಇರಲಿ, ಆದರೆ ಒಂದೇ ಸಲ, ಆಮೇಲೆ ವಿಶ್ರಾಂತಿ. ಹುರುಪೆ ಸ್ವಲ್ಪ ತೆಳುವಾಯಿತು. ಮುಂದಿನ ಕಾಳಗದಲ್ಲಿ ಉಸಿರು ತೀರಿದ ಡ್ರ್ಯಾಗನ್ನಿಗೆ ಎರಡು ಬಾಣ ಬಿದ್ದವು. ಪೂಜಾರಿ ಓಡಿ ಬಂದಳು. ಬಾಗಿಲಿಗೆ ಅಡ್ಡ ನಿಂತ ಯೋಧ ಎರಡು ಗಾಬ್ಲಿನ್‌ಗಳನ್ನು ತಡೆದ. ಜಗಲಿಯಲ್ಲಿ ಎದ್ದ ಗದ್ದಲಕ್ಕೆ ಅಮ್ಮ ಒಳಗಿನಿಂದ ಗದರಿದರು.

ರೆಕ್ಕೆಯ ವಿಷಯ ಮಾತ್ರ ಬಗೆಹರಿಯಲಿಲ್ಲ. ಐದನೆಯ ಹಂತಕ್ಕೆ ಕೊಡಬಹುದೆಂದು ತಮ್ಮ, ಹತ್ತಾದರೂ ಆಗಲಿ ಎಂದು ಅಕ್ಕ.

"ನಾಳೆ ಆಡಿ ನೋಡೋಣ" ಅಂದ ಚಿಕ್ಕಪ್ಪನ ಮಗ.

"ಬೆಳಿಗ್ಗೆ ಬಸ್ಸು?" ಅಂದರು ಅಜ್ಜ.

"ಈ ಮಳೇಲಿ ಬಸ್ಸು ಎಲ್ಲಿ ಬರುತ್ತೆ ಅಜ್ಜ" ಎನ್ನುತ್ತ ಅವನು ಡಬ್ಬದಿಂದ ದಾಳಗಳನ್ನು ಮತ್ತೆ ಹೊರಗೆ ಸುರಿದ.